ಹೆಸರು ಹೇಳುವ ಹೊಣೆ ಯಾರದು?

ರಸ್ತೆಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದರೆ ವಾಹನ ಚಾಲಕ ತಾನು ಯಾರೆಂದು ಹೇಳಲೇಬೇಕೆ? ಹೇಳಲೇಬೇಕು. ಇದರಲ್ಲಿ ಗೊಂದಲವಿಲ್ಲ. 1988ರ ಮೋಟಾರು ವಾಹನಗಳ ಕಾಯ್ದೆಯ 130ನೇ ಕಲಂ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ವಾಹನ ಓಡಿಸುವವನು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದಾಗ ಚಾಲನಾ ಪರವಾನಗಿಯನ್ನು ಪರಿಶೀಲನೆಗೆ ಕೊಡಬೇಕು. ಈ ಕಾಯ್ದೆಯಡಿ ಅಪರಾಧ ಮಾಡಿದವನು ಹೆಸರು, ವಿಳಾಸ ಹೇಳಲು ನಿರಾಕರಿಸಿದರೆ ಅವನನ್ನು ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರವನ್ನು 202ನೇ ಕಲಂ ಕೊಟ್ಟಿದೆ. ‘ನನ್ನ ಹೆಸರು ನಿಮಗೇಕೆ?’ ಎಂದು ವಾದಕ್ಕೆ ನಿಲ್ಲಲು ಕಾನೂನಿನ ಆಸರೆ ಇಲ್ಲ.

ಇಷ್ಟು ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಆದರೆ ಕಥೆ ಓದುವವರಾದ ನಾವು ಒಂದು ಮಾತನ್ನು ಮಾತ್ರ ಕೇಳಿ ಸುಮ್ಮನಾಗುವುದಿಲ್ಲ. ಅದನ್ನು ಯಾರು, ಯಾರಿಗೆ, ಯಾವ ಅಧಿಕಾರದಿಂದ ಹೇಳುತ್ತಿದ್ದಾರೆ ಎಂದೂ ನೋಡುತ್ತೇವೆ. ಕಾಯ್ದೆಯನ್ನೂ ಹಾಗೆಯೇ ಓದಿದರೆ ಬೇರೆಯದೇ ಚಿತ್ರ ಸಿಗುತ್ತದೆ. ‘ಸಮವಸ್ತ್ರದಲ್ಲಿರುವ’ ಎಂಬ ಒಂದು ಪದವನ್ನು ಶಾಸನ ಸುಮ್ಮನೆ ಬರೆದಿಲ್ಲ. ಕೇಳುವವನು ಮೊದಲು ತಾನು ಯಾರೆಂದು ಕಣ್ಣಿಗೆ ಕಾಣುವಂತೆ ನಿಂತಿರಬೇಕು, ಆಮೇಲೆ ಕೇಳಬೇಕು ಎಂಬುದು ಅದರ ಅರ್ಥ.

132ನೇ ಕಲಂ ಇನ್ನೂ ಸ್ವಾರಸ್ಯಕರವಾಗಿದೆ. ಅಪಘಾತದಲ್ಲಿ ತೊಂದರೆಗೊಳಗಾದ ಸಾಮಾನ್ಯ ನಾಗರಿಕನೂ ಚಾಲಕನ ಹೆಸರು, ವಿಳಾಸ ಕೇಳಬಹುದು. ಅಪಾಯಕಾರಿಯಾಗಿ ವಾಹನ ಓಡಿಸಿದ್ದೀರಿ ಎಂದು ಆರೋಪಿಸುವವನೂ ಕೇಳಬಹುದು. ಷರತ್ತು ಒಂದೇ: ಕೇಳುವವನು ತನ್ನ ಹೆಸರು, ವಿಳಾಸವನ್ನೂ ಕೊಡಬೇಕು. ಇದು ಸರ್ಕಾರಿ ಕಾಯ್ದೆಯೊಳಗೆ ಅಡಗಿ ಕುಳಿತ ಒಂದು ಒಳ್ಳೆಯ ನಡವಳಿಕೆ. ಉರ್ದುವಿನಲ್ಲಿ ಪರಿಚಯಕ್ಕೆ ‘ತಆರುಫ್’ ಎನ್ನುತ್ತಾರೆ. ಅರಬಿ ಮೂಲದಲ್ಲಿ ಆ ಪದದ ರಚನೆಯಲ್ಲೇ ‘ಪರಸ್ಪರ’ ಎಂಬ ಅರ್ಥವಿದೆ. ಜನಾಂಗಗಳು, ಕುಲಗಳು ಏಕಾದವು ಎಂದು ಹೇಳುವಾಗ ಪವಿತ್ರ ಕುರ್‌ಆನ್‌ನ ‘ಅಲ್ ಹುಜುರಾತ್’ ಅಧ್ಯಾಯ ಬಳಸುವುದೂ ಇದೇ ಧಾತುವಿನ ಮಾತನ್ನು. ಒಬ್ಬ ಕೇಳುತ್ತಲೇ ಇದ್ದು ಇನ್ನೊಬ್ಬ ಹೇಳುತ್ತಲೇ ಇದ್ದರೆ ಅದು ತಆರುಫ್ ಅಲ್ಲ, ವಿಚಾರಣೆ.

ನಮ್ಮ ರಸ್ತೆಗಳಲ್ಲಿ ನಡೆಯುತ್ತಿರುವುದು ಯಾವುದು? ಭಾಷೆಯನ್ನೇ ಗಮನಿಸೋಣ. ದೊಡ್ಡ ಕಾರಿನ ಗಾಜು ಇಳಿದರೆ ‘ಸಾರ್, ಸ್ವಲ್ಪ ಡಿ.ಎಲ್. ತೋರಿಸಿ’ ಎಂಬ ಮಾತು ಬರುತ್ತದೆ. ಆಟೋದವನಿಗೆ, ಲಾರಿಯವನಿಗೆ, ಹಳೆಯ ಸ್ಕೂಟರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬಂದವನಿಗೆ ‘ಏಯ್, ಸೈಡಿಗೆ ಹಾಕು, ಡಿ.ಎಲ್. ತೆಗಿ’. ಕಲಂ ಒಂದೇ, ವ್ಯಾಕರಣ ಮಾತ್ರ ಎರಡು. ಪರವಾನಗಿಯ ಮೇಲೆ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ವಿಳಾಸ, ಭಾವಚಿತ್ರ ಎಲ್ಲವೂ ಇರುತ್ತವೆ. ಕಾಯ್ದೆಗೆ ಬೇಕಾದದ್ದು ಅಷ್ಟೇ. ಆದರೆ ಕೆಲವು ಹೆಸರುಗಳನ್ನು ಓದಿದ ಮೇಲೆ ಪ್ರಶ್ನೆಗಳು ಮುಗಿಯುವುದಿಲ್ಲ, ಅಲ್ಲಿಂದಲೇ ಶುರುವಾಗುತ್ತವೆ. ‘ಯಾವ ಏರಿಯಾ? ಏನು ಕೆಲಸ? ಇಷ್ಟು ಹೊತ್ತಿನಲ್ಲಿ ಎಲ್ಲಿಂದ?’ 130ನೇ ಕಲಂನಲ್ಲಿ ಈ ಪ್ರಶ್ನೆಗಳಿಲ್ಲ. ಬಿಸಿಲು ಹೊಗೆಯಲ್ಲಿ ದಿನವಿಡೀ ನಿಲ್ಲುವ ಪೇದೆಯ ಕಷ್ಟ ನಮಗೆ ತಿಳಿಯದ್ದಲ್ಲ. ಆದರೆ ಪರವಾನಗಿಯನ್ನು ವಾಹನ ಓಡಿಸುವ ಅರ್ಹತೆ ತಿಳಿಯಲು ಕೇಳಬೇಕೇ ಹೊರತು ಮನುಷ್ಯನ ಕುಲ ತಿಳಿಯಲು ಅಲ್ಲ.

ಕಾಯ್ದೆಯ ದೋಷವನ್ನೂ ಹೇಳಬೇಕು. ಪೊಲೀಸರು ‘ಕೇಳಿದಾಗ’ ಕೊಡಬೇಕು ಎನ್ನುವ 130ನೇ ಕಲಂ, ಏಕೆ ಕೇಳುತ್ತಿದ್ದೇವೆ ಎಂದು ಹೇಳುವ ಹೊಣೆಯನ್ನು ಪೊಲೀಸರ ಮೇಲೆ ಹೊರಿಸಿಲ್ಲ. ಆ ಖಾಲಿ ಜಾಗದಲ್ಲೇ ಇಷ್ಟಾನಿಷ್ಟಗಳು ಬಂದು ಕೂರುತ್ತವೆ. 2022ರ ಜೂನ್‌ನಲ್ಲಿ ಅಂದಿನ ರಾಜ್ಯ ಪೊಲೀಸ್ ಮಹಾನಿರ್ದೇಶಕ ಪ್ರವೀಣ್ ಸೂದ್ ಅವರು, ಬರಿಗಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಕೇವಲ ದಾಖಲೆ ನೋಡಲು ವಾಹನ ತಡೆಯಬಾರದು, ಕುಡಿದು ಓಡಿಸುವವರ ತಪಾಸಣೆ ಮಾತ್ರ ಇದಕ್ಕೆ ಹೊರತು ಎಂದು ಸೂಚಿಸಿದರು. ಒಳ್ಳೆಯ ಸೂಚನೆ. ಆದರೆ ಸೂಚನೆ ಶಾಸನವಲ್ಲ. ಹುದ್ದೆಯಲ್ಲಿರುವವರು ಬದಲಾದಂತೆ ಅದರ ಬಲವೂ ಬದಲಾಗುತ್ತದೆ.

ನಿಯಮಗಳಲ್ಲಿ ಇನ್ನೊಂದು ಒಳ್ಳೆಯ ಮಾತು ಸೇರಿದೆ. ದಾಖಲೆಗಳನ್ನು ಮೊಬೈಲಿನಲ್ಲೂ ತೋರಿಸಬಹುದೆಂದು 2018ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂತು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ತಪಾಸಣೆ ನಡೆದ ದಿನಾಂಕ, ಸಮಯ ಮತ್ತು ತಪಾಸಣೆ ಮಾಡಿದ ಅಧಿಕಾರಿಯ ಗುರುತು ಸರ್ಕಾರಿ ಪೋರ್ಟಲ್‌ನಲ್ಲಿ ದಾಖಲಾಗಬೇಕು. ಚಾಲಕರಿಗೆ ಆಗುವ ಕಿರುಕುಳ ತಪ್ಪಿಸಲು ಎಂದು ಸರ್ಕಾರವೇ ಕಾರಣ ಕೊಟ್ಟಿತು. ಬಂಧಿಸುವ ಪೊಲೀಸರು ಎದ್ದು ಕಾಣುವ ಹೆಸರಿನ ಪಟ್ಟಿ ಧರಿಸಿರಬೇಕೆಂದು ಸುಪ್ರೀಂ ಕೋರ್ಟ್ ಡಿ.ಕೆ. ಬಸು ಪ್ರಕರಣದಲ್ಲಿ ಹೇಳಿದ್ದು 1996ರಲ್ಲಿ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಬಂಧನದ ಸಂದರ್ಭಕ್ಕೆ ಅದನ್ನು ಉಳಿಸಿಕೊಂಡಿದೆ. ಬಂಧನಕ್ಕೆ ಸಲ್ಲುವ ಈ ಶಿಸ್ತು ದಿನನಿತ್ಯದ ತಪಾಸಣೆಗೂ ಏಕೆ ಸಲ್ಲಬಾರದು? ಹೀಗೆ, ಹೆಸರು ಹೇಳುವ ಹೊಣೆ ಎರಡು ಕಡೆಯದು ಎಂಬ ತಿಳಿವಳಿಕೆ ನಮ್ಮ ಕಾನೂನಿನಲ್ಲಿ ಚೂರು ಚೂರಾಗಿ ಇದೆ. ನಮ್ಮ ಸಾರ್ವಜನಿಕ ನಡವಳಿಕೆ ಅದರ ಅರ್ಧವನ್ನು ಮಾತ್ರ ಕಲಿತಿದೆ.

ಈ ಅರ್ಧ ಕಲಿಕೆಯ ಬೆಲೆ ದೊಡ್ಡದು. ಕೇಳಿದವರಿಗೆಲ್ಲ ಹೆಸರು ಹೇಳಬೇಕು ಎಂದು ಜನರಿಗೆ ಅಭ್ಯಾಸವಾದರೆ, ಸಮವಸ್ತ್ರ ಇಲ್ಲದವರೂ ಕೇಳಲು ನಿಲ್ಲುತ್ತಾರೆ. 2017ರ ಏಪ್ರಿಲ್ 1ರಂದು ರಾಜಸ್ಥಾನದ ಅಲ್ವರ್ ಜಿಲ್ಲೆಯ ಹೆದ್ದಾರಿಯಲ್ಲಿ ಹೈನುಗಾರ ಪೆಹಲೂ ಖಾನ್ ಅವರ ವಾಹನ ತಡೆದವರು ಪೊಲೀಸರಲ್ಲ. ಹಸು ಕೊಂಡ ರಸೀದಿ ಇತ್ತೆಂದು ಕುಟುಂಬದವರು ಹೇಳಿದರು. ರಸೀದಿ ಜೀವ ಉಳಿಸಲಿಲ್ಲ. 2023ರ ಮಾರ್ಚ್ 31ರ ರಾತ್ರಿ ನಮ್ಮದೇ ಸಾತನೂರಿನಲ್ಲಿ ಗೋರಕ್ಷಕರೆಂದು ಹೇಳಿಕೊಂಡ ಗುಂಪೊಂದು ಜಾನುವಾರು ಸಾಗಿಸುತ್ತಿದ್ದ ವಾಹನವನ್ನು ತಡೆಯಿತು. ವಾಹನದಲ್ಲಿದ್ದ ಒಬ್ಬ ವ್ಯಾಪಾರಿಯ ಶವ ಮರುದಿನ ಅಲ್ಲೇ ಹತ್ತಿರದಲ್ಲಿ ಸಿಕ್ಕಿತು.

ಇಂಥ ದಾರಿಗಳನ್ನು ಸಾದತ್ ಹಸನ್ ಮಂಟೋ 1948ರ ‘ಸಿಯಾಹ್ ಹಾಶಿಯೆ’ ಸಂಕಲನದಲ್ಲಿ ತೋರಿಸಿದ್ದರು. ದೇಶವಿಭಜನೆಯ ಗಲಭೆಗಳ ಆ ಪುಟ್ಟ ಕಥೆಗಳಲ್ಲಿ ಕೊಲ್ಲುವವನಿಗೂ ಸಾಯುವವನಿಗೂ ಬಹುಮಟ್ಟಿಗೆ ಹೆಸರೇ ಇಲ್ಲ. ಒಂದು ಕಥೆಯಲ್ಲಿ ಇರಿದ ಮೇಲೆ ತಿಳಿಯುತ್ತದೆ, ಇರಿದದ್ದು ತಪ್ಪು ಮನುಷ್ಯನನ್ನು ಎಂದು. ಇನ್ನೊಬ್ಬರ ಗುರುತು ಹುಡುಕುವವನು ತನ್ನ ಗುರುತನ್ನು ಮುಚ್ಚಿಟ್ಟುಕೊಂಡಾಗ ಏನಾಗುತ್ತದೆ ಎಂಬುದಕ್ಕೆ ಉರ್ದು ಸಾಹಿತ್ಯದಲ್ಲಿ ಇದಕ್ಕಿಂತ ಕಠೋರ ಸಾಕ್ಷಿ ನಮಗೆ ಗೊತ್ತಿಲ್ಲ. ‘ಸಮವಸ್ತ್ರದಲ್ಲಿರುವ’ ಎಂಬ ಪದ ನಮಗೆ ಅಷ್ಟು ಮುಖ್ಯವಾಗಿ ಕಾಣುವುದು ಈ ಕಾರಣಕ್ಕೆ. ಅದು ಪೊಲೀಸರಿಗೆ ಅಧಿಕಾರ ಕೊಡುವುದರ ಜೊತೆಗೆ ಉಳಿದವರ ಕೈಯಿಂದ ಆ ಅಧಿಕಾರವನ್ನು ಕಸಿಯುತ್ತದೆ. ಗುಂಪುಗಳಿಗೆ ಹೆದ್ದಾರಿ ಬಿಟ್ಟುಕೊಡುವ ಪೊಲೀಸರು ಕಳೆದುಕೊಳ್ಳುವುದು ತಮ್ಮ ಸಮವಸ್ತ್ರದ ಬೆಲೆಯನ್ನೇ.

ಇಷ್ಟೆಲ್ಲ ಹೇಳುವಾಗ ನಮ್ಮ ಮೊಹಲ್ಲಾಗಳ ಕಡೆಯೂ ನೋಡಬೇಕು. ಮೀಸೆ ಮೂಡದ ಹುಡುಗರು ಹೆಲ್ಮೆಟ್ ಇಲ್ಲದೆ, ಪರವಾನಗಿ ಇಲ್ಲದೆ ಮೂರು ಮೂರು ಜನ ಬೈಕ್ ಏರಿ ಹೋಗುವುದನ್ನು ನೋಡಿಯೂ ಸುಮ್ಮನಿರುವ ಹಿರಿಯರಿದ್ದಾರೆ. 2019ರ ತಿದ್ದುಪಡಿ ಇಂಥ ಪ್ರಕರಣದಲ್ಲಿ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗಿನ ಜೈಲು ಮತ್ತು 25,000 ರೂಪಾಯಿ ದಂಡ ಇಟ್ಟಿದೆ. ತೋರಿಸಲು ಪರವಾನಗಿಯೇ ಇಲ್ಲದವನು ಪೊಲೀಸರ ಭಾಷೆಯ ಬಗ್ಗೆ ದೂರಿದರೆ ಆ ದೂರಿಗೆ ಬಲ ಬರುವುದಿಲ್ಲ. ನ್ಯಾಯವಾಗಿ ಕೇಳಿದವರಿಗೆ ನ್ಯಾಯವಾಗಿ ತೋರಿಸುವುದು ಅವಮಾನವಲ್ಲ.

ಜಮಾಅತಿನ ಸಭೆಗಳಲ್ಲಿ, ಶಾಲೆಗಳಲ್ಲಿ, ಆಟೋ ನಿಲ್ದಾಣಗಳಲ್ಲಿ ಈ ಎರಡೂ ಪಾಠಗಳನ್ನು ಒಟ್ಟಿಗೆ ಹೇಳಿಕೊಡಬೇಕಾಗಿದೆ. ಸಮವಸ್ತ್ರದಲ್ಲಿರುವವರು ಕೇಳಿದರೆ ಡಿ.ಎಲ್. ತೋರಿಸಿ, ಹೆಸರು ಹೇಳಿ. ಅವರ ಎದೆಯ ಮೇಲಿನ ಹೆಸರನ್ನೂ ಓದಿಕೊಳ್ಳಿ, ಏಕೆ ತಡೆದಿರಿ ಎಂದು ವಿನಯದಿಂದ ಕೇಳಿ. ಸರ್ಕಾರವೂ ಆ ‘ಏಕೆ’ಗೆ ಉತ್ತರ ಕೊಡುವ ಹೊಣೆಯನ್ನು 130ನೇ ಕಲಂಗೆ ಸೇರಿಸಬೇಕು. ಆ ಒಂದು ಸಾಲು ಸೇರುವವರೆಗೆ ನಮ್ಮ ಹೆಸರುಗಳನ್ನು ಹೇಗೆ ಓದಬೇಕೆಂಬುದು ರಸ್ತೆಯಲ್ಲಿ ನಿಂತವರ ಮರ್ಜಿಗೇ ಬಿಟ್ಟದ್ದಾಗಿರುತ್ತದೆ.