ಉಳುಕಿದ ಕಾಲಿಗೆ ಶ್ರವಣಾತೀತ ಧ್ವನಿ: ಒಂದು ವಿಮರ್ಶೆ

ಕಾಲು ಉಳುಕುವುದು ಯಾರಿಗೂ ಹೊಸತಲ್ಲ. ಕಬಡ್ಡಿ ಅಂಗಳದಲ್ಲೋ, ಮೆಟ್ಟಿಲಿಳಿಯುವಾಗಲೋ ಪಾದ ಒಳಮುಖವಾಗಿ ಹೊರಳಿದರೆ ಸಾಕು, ಹೊರಗಿನ ಗಿಣ್ಣಿನ ಬಳಿ ಮೂಳೆಗಳನ್ನು ಬಂಧಿಸಿರುವ ಅಸ್ಥಿರಜ್ಜುಗಳಿಗೆ ಪೆಟ್ಟಾಗುತ್ತದೆ. ಎಳೆಗಳು ಹಿಗ್ಗಿದ್ದರೆ ಅದು ಮೊದಲನೆಯ ದರ್ಜೆಯ ಉಳುಕು. ಭಾಗಶಃ ಹರಿದಿದ್ದರೆ ಎರಡನೆಯದು. ಪೂರ್ತಿ ಹರಿದಿದ್ದರೆ ಮೂರನೆಯದು.

ಇಂಥ ಕಾಲಿಗೆ ಜೆಲ್ ಸವರಿ, ಅಲ್ಟ್ರಾಸೌಂಡ್ ಯಂತ್ರದ ತಲೆಯನ್ನು ಐದು ಹತ್ತು ನಿಮಿಷ ಆಡಿಸುವುದನ್ನು ನೀವು ನೋಡಿರಬಹುದು. ಭೌತಚಿಕಿತ್ಸೆಯ ಹೆಸರಿನಲ್ಲೇ ಭೌತವಿಜ್ಞಾನದ ನಂಟಿದೆ. ಆದ್ದರಿಂದ ಈ ಯಂತ್ರದ ಹಕ್ಕೊತ್ತಾಯವನ್ನು ನಾವು, ಅಂದರೆ ವಿಜ್ಞಾನದ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು, ಪರಿಶೀಲಿಸುವುದು ಉಚಿತ.

ಮೊದಲು ಯಂತ್ರಕ್ಕೆ ಸಲ್ಲಬೇಕಾದ ಮನ್ನಣೆ. ನಮ್ಮ ಕಿವಿ ಕೇಳುವ ಮಿತಿ ಸೆಕೆಂಡಿಗೆ ಸುಮಾರು 20,000 ಕಂಪನಗಳು. ಚಿಕಿತ್ಸೆಯಲ್ಲಿ ಬಳಸುವ ಆವೃತ್ತಿ ಸಾಮಾನ್ಯವಾಗಿ 1 ಅಥವಾ 3 ಮೆಗಾಹರ್ಟ್ಸ್. ಮೃದು ಅಂಗಾಂಶದಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,540 ಮೀಟರ್. ಹೀಗಾಗಿ 1 ಮೆಗಾಹರ್ಟ್ಸ್ ಧ್ವನಿಯ ಅಲೆಯುದ್ದ ಸುಮಾರು 1.5 ಮಿಲಿಮೀಟರ್. ಗಾಳಿಗೂ ಚರ್ಮಕ್ಕೂ ಧ್ವನಿರೋಧದಲ್ಲಿ ಅಪಾರ ವ್ಯತ್ಯಾಸವಿರುವುದರಿಂದ, ನಡುವೆ ತೆಳುವಾದ ಗಾಳಿಪದರ ಉಳಿದರೂ ಧ್ವನಿ ಬಹುಪಾಲು ಪ್ರತಿಫಲಿಸಿ ಹಿಂದಿರುಗುತ್ತದೆ. ಜೆಲ್ ಸವರುವುದು ಈ ಗಾಳಿಯನ್ನು ಹೊರಹಾಕಲು. ಇಲ್ಲಿಯವರೆಗೆ ಎಲ್ಲವೂ ಸರಿ.

ಈಗ ಒಂದು ಲೆಕ್ಕ ಮಾಡಿ. ಯಂತ್ರದ ತಲೆಯ ವಿಸ್ತೀರ್ಣ 5 ಚದರ ಸೆಂಟಿಮೀಟರ್, ತೀವ್ರತೆ ಚದರ ಸೆಂಟಿಮೀಟರಿಗೆ 1 ವ್ಯಾಟ್, ಕಾಲ 5 ನಿಮಿಷ ಎಂದುಕೊಳ್ಳಿ. ಒಟ್ಟು ಶಕ್ತಿ 5 × 1 × 300 = 1,500 ಜೌಲ್. ಇಷ್ಟೂ ಶಾಖವಾಗಿ 100 ಗ್ರಾಂ ನೀರಿನಲ್ಲಿ ಉಳಿದರೆ ಉಷ್ಣತೆ ಸುಮಾರು ಮೂರೂವರೆ ಡಿಗ್ರಿ ಏರೀತು. ಕಾಲಿನಲ್ಲಿ ಹರಿಯುವ ರಕ್ತ ಶಾಖವನ್ನು ಹೊತ್ತೊಯ್ಯುತ್ತಲೇ ಇರುತ್ತದೆ. ಹೊಸ ಗಾಯಕ್ಕೆ ಧ್ವನಿಯನ್ನು ಬಿಟ್ಟುಬಿಟ್ಟು ಹಾಯಿಸುವ ಕ್ರಮವೂ ಇದೆ. ಐದರಲ್ಲೊಂದು ಪಾಲು ಕಾಲ ಮಾತ್ರ ಹಾಯಿಸಿದರೆ ಶಕ್ತಿ 300 ಜೌಲ್‌ಗೆ ಇಳಿಯುತ್ತದೆ. ಆಗ ಅದೇ ನೀರಿನ ಉಷ್ಣತೆ ಒಂದು ಡಿಗ್ರಿಯೂ ಏರದು.

ಶಾಖವಲ್ಲದೆ ಸೂಕ್ಷ್ಮ ಕಂಪನವೂ ಜೀವಕೋಶಗಳನ್ನು ಪ್ರಚೋದಿಸುತ್ತದೆ ಎಂಬ ವಾದವಿದೆ. ಇರಬಹುದು. ಆದರೆ ಶಕ್ತಿ ಅಂಗಾಂಶವನ್ನು ತಲುಪುತ್ತದೆ ಎಂಬುದು ಒಂದು ಮಾತು, ಅದರಿಂದ ಉಳುಕು ಬೇಗ ವಾಸಿಯಾಗುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ಪ್ರಯೋಗಶಾಲೆ ತೋರಿಸಬಲ್ಲದು. ಎರಡನೆಯದನ್ನು ರೋಗಿಗಳ ಮೇಲಿನ ತುಲನಾತ್ಮಕ ಪರೀಕ್ಷೆ ಮಾತ್ರ ತೋರಿಸಬಲ್ಲದು. ಏಕೆಂದರೆ ಉಳುಕು ಬಹುಮಟ್ಟಿಗೆ ತಾನಾಗಿಯೇ ಮಾಗುತ್ತ ಹೋಗುತ್ತದೆ. ಆ ಅವಧಿಯಲ್ಲಿ ಏನು ಮಾಡಿದರೂ ಅದಕ್ಕೇ ಕೀರ್ತಿ ಸಲ್ಲುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ!

ಅದೃಷ್ಟವಶಾತ್ ಈ ಯಂತ್ರವನ್ನು ಪರೀಕ್ಷಿಸುವುದು ಸುಲಭ. ಧ್ವನಿ ಕಿವಿಗೆ ಕೇಳಿಸದು. ಯಂತ್ರ ಚಾಲೂ ಇದೆಯೋ ಇಲ್ಲವೋ ರೋಗಿಗೆ ತಿಳಿಯದು. ಕೆಲವರಿಗೆ ನಿಜವಾದ ಧ್ವನಿ, ಉಳಿದವರಿಗೆ ಹುಸಿ ಧ್ವನಿ ಕೊಟ್ಟು ಹೋಲಿಸಬಹುದು. ಇಂಥ ಪರೀಕ್ಷೆಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಪರಾಮರ್ಶೆ 2011ರಲ್ಲಿ ಪರಿಷ್ಕೃತವಾಯಿತು. ಅದರಲ್ಲಿದ್ದುದು ಆರು ಪರೀಕ್ಷೆಗಳು, 606 ಜನ. ಹುಸಿ ಯಂತ್ರದೊಡನೆ ಹೋಲಿಸಿದ ಐದು ಪರೀಕ್ಷೆಗಳಲ್ಲಿ ಒಂದೂ ಗಣನೀಯ ವ್ಯತ್ಯಾಸವನ್ನು ತೋರಿಸಲಿಲ್ಲ.

ಹಾಗಾದರೆ ತೀವ್ರ ಉಳುಕಿಗೆ ಏನು ಮಾಡಬೇಕು? ಮೊದಲು ಮೂಳೆ ಮುರಿದಿಲ್ಲವೆಂಬ ಖಾತರಿ ಬೇಕು. ಗಿಣ್ಣಿನ ಮೂಳೆಯ ಹಿಂಬದಿಯ ಅಂಚನ್ನೋ ತುದಿಯನ್ನೋ ಒತ್ತಿದರೆ ನೋವಿದ್ದರೆ, ಅಥವಾ ನಾಲ್ಕು ಹೆಜ್ಜೆ ಊರಲಾಗದಿದ್ದರೆ ಎಕ್ಸ್‌ರೇ ಬೇಕು. ಕೆನಡಾದ ಒಟಾವಾದಲ್ಲಿ ರೂಪುಗೊಂಡು 1992ರಲ್ಲಿ ಪ್ರಕಟವಾದ ನಿಯಮಗಳ ಸಾರ ಇದು. ನಂತರ ಆಧಾರ. ಬ್ರಿಟನ್ನಿನ ಎಂಟು ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ತೀವ್ರ ಉಳುಕಿನ 584 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2009ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಮೊಣಕಾಲಿನ ಕೆಳಗೆ ಹತ್ತು ದಿನ ಪಟ್ಟು ಹಾಕಿಸಿಕೊಂಡವರು, ಕೊಳವೆಯಾಕಾರದ ಬ್ಯಾಂಡೇಜ್ ಮಾತ್ರ ಧರಿಸಿದವರಿಗಿಂತ ಮೂರು ತಿಂಗಳ ಹೊತ್ತಿಗೆ ಚೆನ್ನಾಗಿ ಚೇತರಿಸಿಕೊಂಡಿದ್ದರು. ಒಂಬತ್ತು ತಿಂಗಳಿಗೆ ಈ ಅಂತರ ಉಳಿದಿರಲಿಲ್ಲ. ಮೊದಲ ದಿನದಿಂದಲೇ ಓಡಾಡಿಸಬೇಕೆಂಬ ಉತ್ಸಾಹಕ್ಕೂ, ವಾರಗಟ್ಟಲೆ ಕಟ್ಟಿಡಬೇಕೆಂಬ ಹಳೆಯ ಭಯಕ್ಕೂ ಇದು ಏಕಕಾಲದಲ್ಲಿ ಉತ್ತರ.

ಮುಂದಿನದು ಸಮತೋಲನ. 60 ಕಿಲೋಗ್ರಾಂ ತೂಗುವವರು ಒಂದೇ ಕಾಲಿನಲ್ಲಿ ನಿಂತಾಗ ನೆಲದ ಪ್ರತಿಬಲ ಸುಮಾರು 600 ನ್ಯೂಟನ್. ಆ ಬಲದ ರೇಖೆ ಕೀಲಿನ ಅಕ್ಷದಿಂದ 3 ಸೆಂಟಿಮೀಟರ್ ಸರಿದರೆ 18 ನ್ಯೂಟನ್-ಮೀಟರ್ ಭ್ರಾಮಕ ಉಂಟಾಗುತ್ತದೆ. ನೆಗೆದು ಇಳಿಯುವಾಗ ಇದು ಹಲವು ಪಟ್ಟು. ಇದನ್ನು ತಡೆಯಬೇಕಾದವು ಕಾಲಿನ ಹೊರಬದಿಯ ಸ್ನಾಯುಗಳು. ಅವುಗಳಿಗೆ ಪಾದದ ಸ್ಥಿತಿಯ ಸುದ್ದಿ ಮುಟ್ಟಿಸುವ ಸಂವೇದಕಗಳು ಸ್ನಾಯುಗಳಲ್ಲಿಯೂ ಅಸ್ಥಿರಜ್ಜುಗಳಲ್ಲಿಯೂ ಇವೆ. ಉಳುಕಿದ ಮೇಲೆ ಈ ಮರುಮಾಹಿತಿ ವ್ಯವಸ್ಥೆ ಮಂದವಾಗಬಹುದು. ಅದನ್ನು ಅಭ್ಯಾಸದಿಂದ ಚುರುಕುಗೊಳಿಸಬೇಕು.

ನೆದರ್ಲೆಂಡ್ಸ್‌ನಲ್ಲಿ ಕಾಲು ಉಳುಕಿದ್ದ 522 ಕ್ರೀಡಾಪಟುಗಳ ಮೇಲೆ ನಡೆದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ರೂಢಿಯ ಚಿಕಿತ್ಸೆ ಮುಗಿದ ಬಳಿಕ ಮನೆಯಲ್ಲಿಯೇ ಎಂಟು ವಾರ ಸಮತೋಲನದ ವ್ಯಾಯಾಮ ಮಾಡಿದವರಲ್ಲಿ ಒಂದು ವರ್ಷದೊಳಗೆ ಮತ್ತೆ ಕಾಲು ಉಳುಕಿದ್ದು ಶೇಕಡ 22 ಮಂದಿಗೆ. ಮಾಡದವರಲ್ಲಿ ಶೇಕಡ 33. ಇದಕ್ಕೆ ಬೆಲೆಬಾಳುವ ಯಂತ್ರ ಬೇಕಿರಲಿಲ್ಲ.

ಈ ಟೀಕೆ ಭೌತಚಿಕಿತ್ಸೆಯ ಮೇಲಲ್ಲ. ಸರಿಯಾದ ವ್ಯಾಯಾಮವನ್ನು ಆರಿಸಿ, ಹಂತಹಂತವಾಗಿ ಕಲಿಸಿ, ತಪ್ಪನ್ನು ತಿದ್ದುವ ಚಿಕಿತ್ಸಕರ ಕೆಲಸಕ್ಕೆ ಯಂತ್ರ ಸಾಟಿಯಲ್ಲ. ನನ್ನ ಆಕ್ಷೇಪವಿರುವುದು ಆ ಕೆಲಸದ ಜಾಗವನ್ನು ಯಂತ್ರ ಆಕ್ರಮಿಸಿಕೊಳ್ಳುವುದರ ಬಗ್ಗೆ. ಹತ್ತು ದಿನ ಯಂತ್ರದ ಕೆಳಗೆ ಕಾಲು ಚಾಚಿ ಕುಳಿತ ರೋಗಿ, ನೋವು ಇಳಿಯಿತೆಂದು ವ್ಯಾಯಾಮ ಕಲಿಯದೆ ಮನೆಗೆ ಹೋದರೆ ಆತ ಕಳೆದುಕೊಳ್ಳುವುದು ಹಣವನ್ನಷ್ಟೇ ಅಲ್ಲ. ಎರಡನೆಯ ಉಳುಕನ್ನು ತಪ್ಪಿಸಿಕೊಳ್ಳುವ ಅವಕಾಶವೂ ಕೈತಪ್ಪುತ್ತದೆ.

ಅಧ್ಯಾಪಕರು ತರಗತಿಯಲ್ಲಿ ಧ್ವನಿಯ ಪಾಠ ಮಾಡುವಾಗ ಮೇಲಿನ ಲೆಕ್ಕವನ್ನು ಮಾಡಿಸಬಹುದು. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿರಿ: ಯಂತ್ರ ಬಳಸದವರ ಕಾಲು ಎಷ್ಟು ದಿನಕ್ಕೆ ವಾಸಿಯಾಯಿತು? ಲೆಕ್ಕ ಮಾಡಬಲ್ಲ ವಿದ್ಯಾರ್ಥಿಗಳು ನಮ್ಮಲ್ಲಿ ಬಹಳ. ಈ ಪ್ರಶ್ನೆಯನ್ನು ತಾವಾಗಿ ಕೇಳುವವರು ಇನ್ನೂ ಹೆಚ್ಚಬೇಕಾಗಿದೆ.