‘ಸೆತ್ಸುನ’ ಶಬ್ದದ ಅರ್ಥವಿಚಾರ

ಜಪಾನೀ ಕಾವ್ಯವನ್ನು ಕುರಿತು ಬರೆಯುವವರು ‘ಸೆತ್ಸುನ’ ಎಂಬ ಶಬ್ದವನ್ನು ಪದೇ ಪದೇ ಬಳಸುವುದುಂಟು. ಬಾಶೋ ಕವಿ 1686ರಲ್ಲಿ ರಚಿಸಿದ ಕಪ್ಪೆಯ ಹಾಯ್ಕುವನ್ನು ಉದಾಹರಿಸಿ, ಹಾರಿಹೋಗುವ ಗಳಿಗೆಯ ಚೆಲುವನ್ನು ಕೊಂಡಾಡಿ, ಅಲ್ಲಿಗೇ ನಿಲ್ಲುವುದು ವಾಡಿಕೆ. ಇದರಿಂದ ಆ ಶಬ್ದಕ್ಕೆ ನ್ಯಾಯ ಸಂದಂತಾಗದು.

ಸೆತ್ಸುನವೆಂದರೆ ಬೇರೇನೂ ಅಲ್ಲ, ನಮ್ಮ ‘ಕ್ಷಣ’ವೇ. ಸಂಸ್ಕೃತದ ಈ ಶಬ್ದವನ್ನು ಚೀನೀ ಭಾಷಾಂತರಕಾರರು ಅರ್ಥಕ್ಕೆ ತಿರುಗಿಸದೆ ಅದರ ಧ್ವನಿಯನ್ನೇ ಎರಡು ಲಿಪಿಚಿಹ್ನೆಗಳಲ್ಲಿ ಹಿಡಿದಿಟ್ಟರು. ಜಪಾನೀಯರು ಅವನ್ನೇ ತಮ್ಮ ಉಚ್ಚಾರಣೆಯಲ್ಲಿ ಓದಿದರು. ಮೂಲತಃ ಅದು ಶಾಸ್ತ್ರದ ಅಳತೆ. ವಸುಬಂಧುವಿನ ‘ಅಭಿಧರ್ಮಕೋಶ’ದ ಪ್ರಕಾರ 120 ಕ್ಷಣಗಳಿಗೆ ಒಂದು ತತ್ಕ್ಷಣ, 60 ತತ್ಕ್ಷಣಗಳಿಗೆ ಒಂದು ಲವ, 30 ಲವಗಳಿಗೆ ಒಂದು ಮುಹೂರ್ತ, 30 ಮುಹೂರ್ತಗಳಿಗೆ ಒಂದು ಅಹೋರಾತ್ರ. ಗುಣಿಸಿದರೆ ದಿನಕ್ಕೆ 64,80,000 ಕ್ಷಣಗಳು, ಸೆಕೆಂಡಿಗೆ 75.

ಜಪಾನಿನ ಝೆನ್ ಆಚಾರ್ಯ ದೋಗೆನ್ (1200–1253) ತನ್ನ ‘ಶೋಬೋಗೆನ್‌ಝೋ’ ಗ್ರಂಥದಲ್ಲಿ, ಬೋಧಿಚಿತ್ತದ ಉದಯವನ್ನು ಕುರಿತ ಪ್ರಕರಣದೊಳಗೆ, ಬಲಶಾಲಿಯೊಬ್ಬನು ಒಮ್ಮೆ ಚಿಟಿಕೆ ಹೊಡೆಯುವಷ್ಟರಲ್ಲಿ 65 ಸೆತ್ಸುನಗಳು ಕಳೆಯುತ್ತವೆಂಬ ಹಳೆಯ ಮಾತನ್ನು ಎತ್ತಿಕೊಳ್ಳುತ್ತಾನೆ. (ಕನ್ನಡಿಗರೂ ‘ಚಿಟಿಕೆ ಹೊಡೆಯುವಷ್ಟರಲ್ಲಿ’ ಎನ್ನುತ್ತಾರೆ, ಎಣಿಸುವ ಗೋಜಿಗೆ ಮಾತ್ರ ಹೋಗಿಲ್ಲ.) ಅಹೋರಾತ್ರಕ್ಕೆ ಆತನು ಕೊಡುವ ಸಂಖ್ಯೆ 6,40,00,99,980. ಕೋಶದ ಲೆಕ್ಕಕ್ಕೂ ಇದಕ್ಕೂ ಹೆಚ್ಚುಕಡಿಮೆ ಸಾವಿರ ಪಟ್ಟು ಅಂತರ! ಇವನ್ನು ಗಡಿಯಾರಕ್ಕೆ ಹೊಂದಿಸಲು ಹೊರಡುವುದು ವ್ಯರ್ಥ. ದೋಗೆನ್‌ನ ಇಂಗಿತವೇ ಬೇರೆ. ಪ್ರತಿ ಸೆತ್ಸುನದಲ್ಲಿಯೂ ಪಂಚಸ್ಕಂಧಗಳು ಹುಟ್ಟಿ ಅಳಿಯುತ್ತಿವೆ. ಇದನ್ನರಿಯದವರಲ್ಲಿ ಬೋಧಿಚಿತ್ತ ಮೂಡದು. ಇಷ್ಟು ಹೇಳಿ ಆತನು ಸುಮ್ಮನಾಗುವುದಿಲ್ಲ. ಹೀಗೆ ಅಳಿಯದೆ ಹೋದರೆ ಹಿಂದಿನ ಸೆತ್ಸುನದ ಕೆಡುಕು ತೊಲಗದು. ಅದು ತೊಲಗದಿದ್ದರೆ ಮುಂದಿನ ಸೆತ್ಸುನದ ಒಳಿತು ಹುಟ್ಟದು ಎನ್ನುತ್ತಾನೆ. ಬಾಳಿನ ಅನಿತ್ಯತೆಗಾಗಿ ಮರುಗುವ ಕವಿಗಳಿಗೆ ಕಾಣದ ಭರವಸೆಯೊಂದು ಈ ತರ್ಕದಲ್ಲಿದೆ. ನಾಶವೇ ಇಲ್ಲಿ ಸಾಧಕನಿಗೆ ಬಾಗಿಲು ತೆರೆಯುತ್ತದೆ.

ಆಧುನಿಕ ಜಪಾನೀ ಭಾಷೆಯಲ್ಲಿ ‘ಸೆತ್ಸುನ-ಶುಗಿ’ ಎಂದರೆ ನಾಳೆಯ ಚಿಂತೆಯಿಲ್ಲದೆ ಇಂದಿನ ಸುಖಕ್ಕೆ ಎರಗುವ ಮನೋಭಾವ. ಎಚ್ಚರಕ್ಕಾಗಿ ಹುಟ್ಟಿದ ಶಬ್ದ ಮೈಮರೆವಿಗೆ ಹೆಸರಾದುದು ವಿಪರ್ಯಾಸವೇ ಸರಿ. ಎದೆಯ ಸಂಕಟವನ್ನು ಹೇಳುವ ‘ಸೆತ್ಸುನೈ’ ಎಂಬ ಶಬ್ದದೊಡನೆ ಇದಕ್ಕೆ ನಂಟು ಕಟ್ಟುವವರೂ ಇದ್ದಾರೆ. ಅದರ ಲಿಪಿಚಿಹ್ನೆಯೇ ಬೇರೆ, ಮೂಲವೂ ಬೇರೆ.

ಕನ್ನಡಕ್ಕೆ ತರುವವರು ‘ಕ್ಷಣಿಕ’ವೆಂಬ ವಿಶೇಷಣವನ್ನು ಇದಕ್ಕೆ ಹಚ್ಚದಿರುವುದು ಲೇಸು. ‘ಕ್ಷಣಿಕ ಸುಖ’ ಎನ್ನುವಲ್ಲಿ ನಮ್ಮವರ ದನಿಯಲ್ಲಿ ತಿರಸ್ಕಾರವಿರುತ್ತದೆ. ದೋಗೆನ್‌ನ ಸೆತ್ಸುನದಲ್ಲಿ ಅದರ ಸೋಂಕಿಲ್ಲ. ‘ಕ್ಷಣ’ ಎಂದಷ್ಟೇ ಬರೆದರೆ ಸಾಕು. ತನ್ನ ಮನೆಯಿಂದಲೇ ಹೊರಟುಹೋದ ಶಬ್ದವನ್ನು ಓದುಗನು ಗುರುತಿಸಿಕೊಳ್ಳುತ್ತಾನೆ.