ಯಾತ್ರಿಕನ ಸುರುಳಿ: ರಕ್ಷಣೆ, ನಿಶ್ಚಯಗಳ ವಿಚಾರ

ಕನ್ನಡದ ಕ್ರೈಸ್ತವಾಙ್ಮಯವನ್ನು ಪಾಠ ಹೇಳುವ ನಮ್ಮ ಉಪಾಧ್ಯಾಯರಲ್ಲಿ ಎರಡು ವಾಡಿಕೆಗಳು ಬೇರೂರಿವೆ. 'ರಕ್ಷಣೆ' ಎಂಬ ಮಾತು ಬಂದಲ್ಲೆಲ್ಲ 'ಎಂದರೆ ಮೋಕ್ಷ' ಎಂದು ಅರ್ಥ ಬರೆಯಿಸುವುದು ಒಂದು. ನಂಬಿದವನನ್ನು ದೇವರು ಕಡೆಯವರೆಗೂ ಕಾಯುವನೆಂಬ ಪ್ರಮೇಯವು ಎದುರಾದೊಡನೆಯೇ ಮರ್ಕಟಕಿಶೋರ ಮಾರ್ಜಾಲಕಿಶೋರ ನ್ಯಾಯಗಳನ್ನು ಹೇಳಿ ಮುಂದಕ್ಕೆ ಸಾಗುವುದು ಇನ್ನೊಂದು. ನಾನೂ ಬಹುಕಾಲ ಹೀಗೆಯೇ ಪಾಠ ಹೇಳಿದವನಾದುದರಿಂದ ಇಲ್ಲಿ ಮಾಡುವ ಆಕ್ಷೇಪವು ಮೊದಲು ನನಗೇ ತಗಲತಕ್ಕುದು. ಜಾನ್ ಬನಿಯನ್ನನು 1678ರಲ್ಲಿ ಪ್ರಕಟಿಸಿದ, ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕನ್ನಡಕ್ಕಿಳಿದು 'ಯಾತ್ರಿಕನ ಸಂಚಾರ'ವೆಂದು ಹೆಸರಾದ ಗ್ರಂಥವನ್ನು ಈಚೆಗೆ ಮತ್ತೊಮ್ಮೆ ಆದ್ಯಂತವಾಗಿ ಓದಬೇಕಾಗಿ ಬಂದಿತು. ಬಂದ ಕಾರಣವನ್ನು ಆಮೇಲೆ ಹೇಳುವೆನು. ಓದಿದ ಮೇಲೆ ಆ ಎರಡು ವಾಡಿಕೆಗಳೂ ಗ್ರಂಥದ ಮರ್ಮವನ್ನೇ ಮುಚ್ಚುವುವೆಂದು ತೋರಿತು.

ಮೊದಲು ಶಬ್ದವಿಚಾರ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು 1810ರಲ್ಲಿ ಬಳ್ಳಾರಿಗೆ ಬಂದು ಸತ್ಯವೇದವನ್ನು ಕನ್ನಡಿಸತೊಡಗಿದನು. 1831ರ ಹೊತ್ತಿಗೆ ಸಮಗ್ರ ಗ್ರಂಥವು ಅಚ್ಚಾಯಿತು. ಆಮೇಲೆ ಪರಿಷ್ಕಾರಗಳು ನಡೆದುವು. ಇಂದು ಬಳಕೆಯಲ್ಲಿರುವ ಪಾಠದಲ್ಲಿ ಗ್ರೀಕಿನ 'ಸೋತೇರಿಯ' ಶಬ್ದದ ಸ್ಥಾನದಲ್ಲಿ ನಿಂತಿರುವುದು 'ರಕ್ಷಣೆ'. 'ಮೋಕ್ಷ'ವೆಂಬ ಸಿದ್ಧಶಬ್ದವು ಕೈಗೆಟುಕುವಂತಿದ್ದರೂ ಅದನ್ನು ಮುಖ್ಯಪದವಾಗಿ ಹಿಡಿಯದಿದ್ದುದು ಮಹತ್ತ್ವದ ಸಂಗತಿ. ಮೋಕ್ಷವೆಂದರೆ ಬಿಡುಗಡೆ, ಕಟ್ಟು ಕಳಚಿದ ಮೇಲೆ ಕಾವಲಿನ ಮಾತಿಲ್ಲ. ರಕ್ಷ ಧಾತುವಿಗಾದರೋ ಪಾಲನವೇ ಅರ್ಥ. ಅದು ಒಂದು ಕ್ಷಣದಲ್ಲಿ ಮುಗಿಯುವ ಕ್ರಿಯೆಯಲ್ಲ. ರಕ್ಷಕನಿಲ್ಲದೆ ನಿಲ್ಲುವ ಕ್ರಿಯೆಯೂ ಅಲ್ಲ. ಮೋಕ್ಷವೆಂದೊಡನೆ 'ಯಾವುದರಿಂದ?' ಎಂಬ ಆಕಾಂಕ್ಷೆ ಹುಟ್ಟುವಂತೆ ರಕ್ಷಣೆಯೆಂದೊಡನೆ 'ಯಾರಿಂದ?' ಎಂಬ ಆಕಾಂಕ್ಷೆ ಹುಟ್ಟುವುದು. ನಮ್ಮ ಭಾಷ್ಯಕಾರರು ಯೋಗಕ್ಷೇಮಶಬ್ದವನ್ನು ಬಿಡಿಸುವಾಗ ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ ಎಂದು ವಿವರಿಸುವರಷ್ಟೆ. ಕ್ರೈಸ್ತರ ಕನ್ನಡದಲ್ಲಿ ಈ ಎರಡೂ ರಕ್ಷಣೆಯೆಂಬ ಒಂದೇ ಪದದೊಳಗೆ ಅಡಗಿ ಕುಳಿತಿವೆ. ಅದನ್ನು ಮೋಕ್ಷವೆಂದು ಬರೆಯಿಸಿದರೆ ಕ್ಷೇಮಾಂಶವು ಬಿದ್ದುಹೋಗುವುದು.

ಇನ್ನು ಬನಿಯನ್ನನ ಗ್ರಂಥ. ಪಾತ್ರಗಳ ಹೆಸರುಗಳನ್ನು ಅರ್ಥಾನುಸಾರವಾಗಿ ಹೇಳುವೆನು.

ಅರ್ಥಬೋಧಕನ ಮನೆಯಲ್ಲಿ ಯಾತ್ರಿಕನು ಗೋಡೆಯ ಬಳಿ ಉರಿಯುವ ಬೆಂಕಿಯೊಂದನ್ನು ಕಾಣುವನು. ಒಬ್ಬನು ಎಡೆಬಿಡದೆ ಅದರ ಮೇಲೆ ನೀರು ಸುರಿಯುತ್ತಿರುವನು. ಬೆಂಕಿಯು ಆರದೆ ಮೇಲೆಮೇಲಕ್ಕೆ ಏಳುವುದು. ಇದೇನು ಸೋಜಿಗವೆಂದು ಕೇಳಿದವನನ್ನು ಅರ್ಥಬೋಧಕನು ಗೋಡೆಯ ಹಿಂಭಾಗಕ್ಕೆ ಕರೆದೊಯ್ಯುವನು. ಅಲ್ಲಿ ಇನ್ನೊಬ್ಬನು ಗುಟ್ಟಾಗಿ ಅದೇ ಬೆಂಕಿಗೆ ಎಣ್ಣೆಯೆರೆಯುತ್ತಿರುವನು. ನೀರೆರೆಯುವವನು ಸೈತಾನನು, ಎಣ್ಣೆಯೆರೆಯುವವನು ಕ್ರಿಸ್ತನು. ಎಣ್ಣೆಯವನು ಗೋಡೆಯ ಹಿಂದೆ ನಿಂತಿರುವುದೇಕೆಂಬುದಕ್ಕೆ ಬನಿಯನ್ನನೇ ಸಮಾಧಾನ ಹೇಳಿರುವನು: ಶೋಧನೆಗೆ ಸಿಕ್ಕಿದವನಿಗೆ ತನ್ನೊಳಗಿನ ಕೃಪೆಯು ಹೇಗೆ ಉಳಿದು ಬರುವುದೆಂಬುದು ಕಾಣಿಸದು. ನಮ್ಮ ವ್ಯಾಖ್ಯಾನಗಳು ಎಣ್ಣೆಯನ್ನು ಕಂಡು ಗೋಡೆಯನ್ನು ಮರೆತುವು. ಕಾಯುವುದೂ ಕಾಯಲ್ಪಡುತ್ತಿರುವೆನೆಂದು ಅರಿಯುವುದೂ ಎರಡು, ನಡುವೆ ಗೋಡೆಯಿದೆ.

ಎರಡನೆಯದು ಸುರುಳಿಯ ಪ್ರಕರಣ. ಶಿಲುಬೆಯ ಬಳಿ ಯಾತ್ರಿಕನಿಗೆ ಮುದ್ರೆಯೊತ್ತಿದ ಸುರುಳಿಯೊಂದು ದೊರೆಯುವುದು. ಅದನ್ನು ದಿವ್ಯನಗರದ ಬಾಗಿಲಲ್ಲಿ ಒಪ್ಪಿಸಬೇಕು. ಕಷ್ಟಗಿರಿಯನ್ನೇರುವಾಗ ನಡುದಾರಿಯ ಲತಾಮಂಟಪದಲ್ಲಿ ಅವನು ನಿದ್ದೆಹೋಗಲು ಸುರುಳಿಯು ಕೈಯಿಂದ ಜಾರುವುದು. ಮುಂದೆ ಹೋಗಿ ಎದೆಯನ್ನು ಮುಟ್ಟಿ ನೋಡಿಕೊಂಡರೆ ಇಲ್ಲ! ಅಳುತ್ತ ಬಂದ ದಾರಿಗೆ ಹಿಂತಿರುಗಿ ಹುಡುಕುವನು. ಈ ಸುರುಳಿಯು ಯಾತ್ರಿಕನ ನಿಶ್ಚಯವೆಂದು ಗ್ರಂಥಕಾರನು ಸ್ಪಷ್ಟವಾಗಿ ಹೇಳಿರುವನು. ಇಲ್ಲಿ ನನಗೊಂದು ದೋಷವು ಕಾಣುವುದು. ಸುರುಳಿಯು ನಿಶ್ಚಯವೂ ಆಗಿ ಬಾಗಿಲ ಪ್ರವೇಶಪತ್ರವೂ ಆದರೆ, ನಿಶ್ಚಯವನ್ನು ಕಳೆದುಕೊಂಡವನಿಗೆ ಪ್ರವೇಶವೇ ಇಲ್ಲವೆಂದಾಗುವುದು. ಗೋಡೆ ಬೆಂಕಿಗಳ ಚಿತ್ರದಲ್ಲಿ ಬೇರ್ಪಡಿಸಿದುದನ್ನು ಬನಿಯನ್ನನು ಇಲ್ಲಿ ಒಂದರೊಳಗೊಂದನ್ನು ಸುತ್ತಿಬಿಟ್ಟನು. ರೂಪಕಕಾವ್ಯಗಳಲ್ಲಿ ಇಂತಹ ಸಾಂಕರ್ಯವು ಅಪೂರ್ವವೇನಲ್ಲ.

ಆದರೆ ಗ್ರಂಥವು ಮುಂದುವರಿದಂತೆ ಅವನೇ ಅದನ್ನು ತಿದ್ದಿಕೊಳ್ಳುವನು. ಅಲ್ಪವಿಶ್ವಾಸಿಯೆಂಬವನ ಮೇಲೆ ಮೂವರು ಕಳ್ಳರು ಬಿದ್ದು ಹಣದ ಚೀಲವನ್ನು ಕಿತ್ತುಕೊಳ್ಳುವರು. ರತ್ನಗಳೂ ಪ್ರವೇಶಪತ್ರವೂ ಅವರ ಕೈಗೆ ಸಿಕ್ಕುವುದಿಲ್ಲ. ಅವನು ಉಳಿದ ದಾರಿಯನ್ನೆಲ್ಲ ಭಿಕ್ಷೆ ಬೇಡುತ್ತ ಕಳೆಯುವನು. ಹಣ ಹೋದ ದುಃಖದಲ್ಲಿ, ರತ್ನಗಳು ತನ್ನಲ್ಲಿಯೇ ಇವೆಯೆಂಬುದು ಅವನ ಸಮಾಧಾನಕ್ಕೆ ಒದಗುವುದೇ ವಿರಳ. ಪತ್ರವು ಉಳಿಯಿತು, ನೆಮ್ಮದಿಯು ಹೋಯಿತು. ಸುರುಳಿಯಲ್ಲಿ ಬೆರೆತುಹೋಗಿದ್ದ ಎರಡು ಅರ್ಥಗಳು ಇಲ್ಲಿ ಬಿಡಿಬಿಡಿಯಾದುವು.

ಈಗ ಮರ್ಕಟ ಮಾರ್ಜಾಲಗಳ ಮಾತು. ಮರಿಯು ತಾಯನ್ನು ಹಿಡಿದಿದೆಯೆ, ತಾಯಿಯೇ ಮರಿಯನ್ನು ಕಚ್ಚಿ ಹಿಡಿದಿರುವಳೆ ಎಂಬುದು ವಡಗಲೆ ತೆಂಗಲೆಗಳ ಪ್ರಸಿದ್ಧ ವಿವಾದ. ಜರ್ಮನಿಯ ರುಡಾಲ್ಫ್ ಆಟ್ಟೋ ಪಂಡಿತನು 1930ರಲ್ಲಿ ಭಾರತದ ಕೃಪಾಮತವನ್ನು ಕ್ರೈಸ್ತಮತದೊಡನೆ ತೂಗಿ ನೋಡಿದ ಗ್ರಂಥದ ತರುವಾಯ ಈ ಹೋಲಿಕೆಯು ಎಲ್ಲರ ಬಾಯಲ್ಲಿಯೂ ಇದೆ. ನಮ್ಮ ನಾಡಿನ ಸತ್ಯಾಗಾಲದಲ್ಲಿ ಕೆಲಕಾಲ ನೆಲಸಿದ್ದರೆಂದು ಸಂಪ್ರದಾಯವು ಹೇಳುವ ವೇದಾಂತದೇಶಿಕರಿಗೆ ಕೋತಿಯ ಮರಿಯನ್ನು ಅಂಟಿಸುವುದು ಪೂರ್ಣನ್ಯಾಯವೂ ಅಲ್ಲ. ಜೀವನ ಪ್ರಪತ್ತಿಯನ್ನು ಅವರು ಬರಿಯ ವ್ಯಾಜವೆಂದೇ ಕರೆದಿರುವರು. ಅದು ಹಾಗಿರಲಿ. ಹೋಲಿಕೆಯು ಒಂದು ಮಟ್ಟಿಗೆ ಸಲ್ಲುವುದು. 1618-19ರ ಡಾರ್ಟ್ ಸಭೆಯವರು ಆರಿಸಲ್ಪಟ್ಟವರನ್ನು ದೇವರು ಬೀಳಗೊಡನೆಂದು ನಿರ್ಣಯಿಸಿದರು. ಜಾನ್ ವೆಸ್ಲಿಯು 1751ರಲ್ಲಿ ಇದನ್ನು ವಿಮರ್ಶಿಸಿ, ನಂಬಿದವನೂ ಬಿದ್ದು ನಾಶವಾಗಬಹುದೆಂದು ವಾದಿಸಿದನು. ಬೆಂಗಳೂರಿನಲ್ಲಿ ಈ ಎರಡು ಪರಂಪರೆಗಳೂ ನೆರೆಹೊರೆಯಾಗಿ ಬಾಳಿವೆ. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯವು ಮೊದಲನೆಯ ಕವಲಿಗೆ ಹತ್ತಿರದ ಲಂಡನ್ ಮಿಷನ್ನಿನದು. ಹಡ್ಸನ್ ಸ್ಮಾರಕ ದೇವಾಲಯವು ವೆಸ್ಲಿಯನ್ನರದು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಇಂಡಿಯಾ ಸಭೆಯು ಏರ್ಪಟ್ಟಾಗ ಎರಡೂ ಒಂದೇ ಸಭೆಯೊಳಗಾದುವು. ಅದಕ್ಕೆ ಮೊದಲೂ ಇಬ್ಬರೂ ಓದುತ್ತಿದ್ದುದು ಕನ್ನಡ ಸತ್ಯವೇದವನ್ನೇ, ಇಬ್ಬರ ಬಾಯಲ್ಲಿಯೂ ಇದ್ದುದು ರಕ್ಷಣೆಯೆಂಬ ಮಾತೇ.

ಹೋಲಿಕೆಯು ಸೋಲುವುದು ಇಲ್ಲಿ: ಯಾರು ಯಾರನ್ನು ಹಿಡಿದಿರುವರೆಂಬುದು ಉಪಾಯವಿಚಾರ, ತಾನು ಹಿಡಿಯಲ್ಪಟ್ಟಿರುವೆನೆಂದು ಮರಿಗೆ ಗೊತ್ತೆ ಎಂಬುದು ಜ್ಞಪ್ತಿವಿಚಾರ. ಎರಡೂ ಭಿನ್ನವೆಂಬುದಕ್ಕೆ ಅನ್ವಯವ್ಯತಿರೇಕಗಳೇ ಸಾಕು. 1646ರಲ್ಲಿ ಸಿದ್ಧವಾದ ವೆಸ್ಟ್‌ಮಿನ್‌ಸ್ಟರ್ ಮತಪ್ರತಿಜ್ಞೆಯು, ಭಕ್ತನು ಕಡೆಯವರೆಗೂ ಕಾಯಲ್ಪಡುವುದು ಖಂಡಿತವೆನ್ನುವುದು. ಆದರೆ ನಿಶ್ಚಯವು ನಂಬಿಕೆಯ ಸ್ವರೂಪಕ್ಕೆ ಸೇರಿದುದಲ್ಲ, ನಿಜವಾದ ಭಕ್ತನೂ ಅದಕ್ಕಾಗಿ ಬಹುಕಾಲ ಕಾಯಬೇಕಾಗಬಹುದೆಂದೂ ಹೇಳುವುದು. ವೆಸ್ಲಿಯಲ್ಲಿ ಇದು ತಲೆಕೆಳಗು. ಅವನು 1738ರ ಮೇ 24ರ ಸಂಜೆ ಲಂಡನ್ನಿನ ಕೂಟವೊಂದರಲ್ಲಿ ತನ್ನ ಪಾಪಕ್ಷಮೆಯ ನಿಶ್ಚಯವನ್ನು ಪಡೆದವನು. ಇಂದಿನ ನಿಶ್ಚಯವುಂಟು, ನಾಳೆಯ ಸ್ಥಿರತೆಗೆ ಹೊಣೆಯಿಲ್ಲ. ಒಂದಿದ್ದೂ ಇನ್ನೊಂದಿಲ್ಲದಿರಬಹುದಾದರೆ ಅವು ಒಂದೇ ಪದಾರ್ಥವಾಗಲಾರವು. ಟ್ರೆಂಟಿನ ಸಭೆಯು 1547ರಲ್ಲಿ ವಿಶೇಷ ಪ್ರಕಟನೆಯಿಲ್ಲದೆ ಯಾರೂ ಅಂತಹ ನಿಶ್ಚಯವನ್ನು ಹೇಳಿಕೊಳ್ಳಬಾರದೆಂದಿತು. ಅದೂ ಜ್ಞಪ್ತಿಯ ಮಾತೇ.

ಆದುದರಿಂದ ನಿಶ್ಚಯದ ವಿಷಯದಲ್ಲಿ ನಮ್ಮ ಶಾಸ್ತ್ರಗಳಲ್ಲಿ ನಿಜವಾದ ನೆರೆಯು ಪ್ರಾಮಾಣ್ಯವಾದ. ನೀರೆಂಬ ಜ್ಞಾನವು ಹುಟ್ಟಿದೆ. ಅದು ಪ್ರಮೆಯೆಂದು ತಿಳಿಯುವುದು ಹೇಗೆ? ಬಾಯಾರಿಕೆಯು ತಣಿದ ಮೇಲೆ ಸಫಲಪ್ರವೃತ್ತಿಯಿಂದ ಅನುಮಿಸಬೇಕೆಂದು ನೈಯಾಯಿಕರು. ಹಾಗಾದರೆ ಆ ಅನುಮಿತಿಯ ಪ್ರಾಮಾಣ್ಯಕ್ಕೆ ಇನ್ನೊಂದು ಬೇಕಾಗಿ ಅನವಸ್ಥೆಯೆಂದು ಮೀಮಾಂಸಕರು. ನಡತೆಯ ಫಲವನ್ನು ನೋಡಿ ತನ್ನ ನಂಬಿಕೆಯು ನಿಜವಾದುದೆಂದು ಊಹಿಸಿಕೊಳ್ಳುವ ಪ್ಯೂರಿಟನ್ನರು ಈ ವಿಷಯದಲ್ಲಿ ನೈಯಾಯಿಕರು. ಅವರ ದಿನಚರಿಗಳ ತುಂಬ ಕಾಣುವ ಆತ್ಮಶೋಧನೆಯ ಸಂಕಟವು ಮೀಮಾಂಸಕರು ತೋರಿಸಿದ ಅನವಸ್ಥೆಯೇ. ವೆಸ್ಲಿಯು ಪವಿತ್ರಾತ್ಮನ ಸಾಕ್ಷಿಯನ್ನು ಮುಂದಿಡುವನು. ದ್ವೈತಿಗಳಲ್ಲಿ ಜ್ಞಾನದ ಪ್ರಾಮಾಣ್ಯವನ್ನು ಗ್ರಹಿಸುವುದೂ ಸಾಕ್ಷಿಯೇ ಅಲ್ಲವೆ ಎಂದು ನಮ್ಮವರಿಗೆ ಹುಮ್ಮಸ್ಸು ಬರಬಹುದು. ಶಬ್ದಸಾಮ್ಯಕ್ಕೆ ಮೋಸಹೋಗಬಾರದು: ದ್ವೈತದ ಸಾಕ್ಷಿಯು ಜೀವಸ್ವರೂಪಕ್ಕೆ ಸೇರಿದ ಇಂದ್ರಿಯ, ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಸಾಕ್ಷಿಯಾದರೋ ನಮ್ಮ ಆತ್ಮದೊಡನೆ ನಿಂತು ನುಡಿಯುವ ಬೇರೊಬ್ಬನು.

ಕನ್ನಡಿಗರಿಗೆ ಈ ಸಂಕಟವು ಪರಕೀಯವಲ್ಲ. ಹರಿಯನ್ನು ನಂಬಿದವರು ಕೆಡಲಾರರೆಂಬ ಭಾವದ ಪುರಂದರದಾಸರ ಪದವನ್ನು ಕೇಳದವರಾರು? ನಂಬದೆಯೇ ಸುಮ್ಮನೆ ಕೂಗುವರೆಂದು ಬಸವಣ್ಣನವರು ಜನವನ್ನು ಜರೆದಿರುವ ವಚನವೂ ಅಷ್ಟೇ ಪ್ರಸಿದ್ಧ. ಎರಡನ್ನೂ ಒಟ್ಟಿಗೆ ಓದಿದರೆ, ನಂಬಿದವನು ಕೆಡನೆಂಬುದು ದಿಟ, ನಾನು ನಂಬಿರುವೆನೆಂಬುದು ದಿಟವೆ ಎಂಬ ಪ್ರಶ್ನೆಯು ತಾನಾಗಿ ಏಳುವುದು.

ನಾನು ಮತ್ತೆ ಬನಿಯನ್ನನನ್ನು ಕೈಗೆತ್ತಿಕೊಂಡುದು ಇದೇ ಪ್ರಶ್ನೆಯಿಂದ. ಚಾಮರಾಜಪೇಟೆಯಲ್ಲಿ ನನಗೆ ಹಿರಿಯ ಸ್ನೇಹಿತರಾಗಿದ್ದ ಕ್ರೈಸ್ತ ಉಪಾಧ್ಯಾಯರೊಬ್ಬರು ಮುಪ್ಪಿನಲ್ಲಿ ಮರೆವಿನ ರೋಗಕ್ಕೆ ಸಿಕ್ಕಿ, ಮಕ್ಕಳ ಹೆಸರನ್ನೂ ಕಡೆಗೆ ನಿತ್ಯದ ಪ್ರಾರ್ಥನೆಯನ್ನೂ ಮರೆತರು. ಅವರ ಮಗನು ಒಂದು ದಿನ, 'ಪಂಡಿತರೆ, ಅಪ್ಪನವರಿಗೆ ಈಗ ನಂಬಿಕೆಯಿದೆಯೆಂದು ಹೇಳಬಹುದೆ?' ಎಂದು ಕೇಳಿದನು. ನನಗೆ ಹೊಳೆದುದು ವರಾಹಚರಮಶ್ಲೋಕ. ಸ್ವಸ್ಥನಾಗಿದ್ದಾಗ ನನ್ನನ್ನು ನೆನೆದವನು ಸಾಯುವ ಕಾಲದಲ್ಲಿ ಮರದ ಕೊರಡಿನಂತೆ, ಕಲ್ಲಿನಂತೆ ಬಿದ್ದಿರುವಾಗ ಅವನನ್ನು ನಾನೇ ನೆನೆಯುವೆನೆಂಬುದು ಅದರ ತಾತ್ಪರ್ಯ. ಅವನು ಅದನ್ನು ಕೇಳಿ, ತಂದೆಯ ಪುಸ್ತಕವನ್ನು ತಂದು ಕಡೆಯ ನದಿಯ ಪ್ರಕರಣವನ್ನು ತೆಗೆದುಕೊಟ್ಟನು.

ಆ ಪ್ರಕರಣದಲ್ಲಿ ಯಾತ್ರಿಕನು ನೀರಿನೊಳಗೆ ಮುಳುಗುತ್ತ, ಕತ್ತಲೆಯು ಕವಿದು, ದಾರಿಯಲ್ಲಿ ಪಡೆದ ಸಮಾಧಾನಗಳಲ್ಲಿ ಒಂದನ್ನೂ ನೆನೆಯಲಾರದೆ, ನೆಟ್ಟಗೆ ಮಾತಾಡಲಾರದೆ ಹೋಗುವನು. ಸುರುಳಿಯು ಎದೆಯಲ್ಲಿರುವುದು, ನಿಶ್ಚಯವಿಲ್ಲ. ಅವನ ಹಿಂದೆ ಬರುವ ಅಜ್ಞಾನಿಯು ಅಂಬಿಗನೊಬ್ಬನ ದೋಣಿಯಲ್ಲಿ ಕಷ್ಟವಿಲ್ಲದೆ ದಾಟುವನು. ತನ್ನ ಹೃದಯವೇ ತನಗೆ ಹೇಳುವುದೆಂದು ದಾರಿಯುದ್ದಕ್ಕೂ ನಿಶ್ಚಿಂತನಾಗಿದ್ದವನು. ಬಾಗಿಲಲ್ಲಿ ಪತ್ರವನ್ನು ಕೇಳಿದಾಗ ಅವನಲ್ಲಿ ಇಲ್ಲ. ಪ್ರಮೆಯು ಸಂಶಯಗ್ರಸ್ತವಾಗಿಯೂ ಭ್ರಮೆಯು ನಿಸ್ಸಂಶಯವಾಗಿಯೂ ಇರಬಹುದೆಂಬುದನ್ನು ಇದಕ್ಕಿಂತ ನಿಷ್ಠುರವಾಗಿ ಯಾವ ಗ್ರಂಥದಲ್ಲಿಯೂ ನಾನು ಓದಿಲ್ಲ. ಸುರುಳಿಯ ಪ್ರಕರಣದ ದೋಷಕ್ಕೆ ಪೂರ್ಣ ಪರಿಹಾರವು ಇಲ್ಲಿಯೇ ದೊರೆಯಿತೆನ್ನಬೇಕು.

ಆದರೂ ನದಿಗೂ ಚರಮಶ್ಲೋಕಕ್ಕೂ ಒಂದು ಭೇದವಿದೆ. ಶ್ಲೋಕದಲ್ಲಿ ನೆನೆಯುವವನು ಭಗವಂತನೊಬ್ಬನೇ. ಬನಿಯನ್ನನಲ್ಲಿ ಆಶಾವಂತನೆಂಬ ಸಹಯಾತ್ರಿಕನು ಜೊತೆಗೆ ನೀರಿಗಿಳಿದು, ಮುಳುಗುವವನ ತಲೆಯನ್ನು ಎತ್ತಿ ಹಿಡಿದು, ಅವನು ಮರೆತ ಮಾತುಗಳನ್ನು ಅವನಿಗೆ ಹೇಳುತ್ತಿರುವನು. ನಾನು ಈ ಭೇದವನ್ನು ಹೇಳಿದಾಗ ಸ್ನೇಹಿತರ ಮಗನು, 'ಅಪ್ಪನವರ ಪ್ರಾರ್ಥನೆಯನ್ನು ಈಗ ನಮ್ಮ ತಾಯಿಯವರು ಪಕ್ಕದಲ್ಲಿ ಕುಳಿತು ಹೇಳುವರು' ಎಂದನು.